ಕೊಕ್ಕರೆ ಬೆಳ್ಳೂರಿನ ಸ್ವಯಂಸೇವಕರ ಕೇಂದ್ರ: ಬೀಗದ ಕೈ ಊರಿನಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಹೆಜ್ಜಾರ್ಲೆಯ (ಪೆಲಿಕನ್ ಹಕ್ಕಿಯ) ಮರಿ ವಾರ ನೋಡಿಕೊಂಡು ಗೂಡಿನಿಂದ ಬೀಳುವುದಿಲ್ಲ. ಮಾರ್ಚ್ ತಿಂಗಳ ಒಂದು ಮಂಗಳವಾರ ನಡುಮಧ್ಯಾಹ್ನ, ದೊಡ್ಡವರು ಗದ್ದೆಯ ಕಡೆ, ಮಕ್ಕಳು ಶಾಲೆಯಲ್ಲಿ, ಹರೆಯದವರು ಮದ್ದೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುವ ಹೊತ್ತಿಗೆ, ಹಿತ್ತಲ ಹುಣಸೆ ಮರದಿಂದ ಒಂದು ಮರಿ ಧೊಪ್ಪನೆ ಬಿದ್ದರೆ ಅದನ್ನು ಎತ್ತಿಕೊಳ್ಳುವವರು ಯಾರು, ಎಲ್ಲಿಗೆ ಒಯ್ಯಬೇಕು, ಯಾರಿಗೆ ತಿಳಿಸಬೇಕು ಎಂಬುದಕ್ಕೆ ಉತ್ತರ ಸಿದ್ಧವಾಗಿರುವ ಜಾಗವನ್ನು ನಾನು ಸ್ವಯಂಸೇವಕರ ಕೇಂದ್ರ ಎಂದು ಕರೆಯುತ್ತೇನೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಅಂಥ ಕೇಂದ್ರವನ್ನು ಗಟ್ಟಿಗೊಳಿಸುವ ಬಗ್ಗೆ, ಅದರಲ್ಲೂ ಅದರ ಹೊಣೆ ಮತ್ತು ಬೀಗದ ಕೈ ಎರಡೂ ಊರಿನವರ ಬಳಿಯೇ ಇರಬೇಕೆಂಬ ಬಗ್ಗೆ, ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಲು ಅವಕಾಶ ಕೋರುತ್ತೇನೆ. ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಮೊದಮೊದಲು ಶಾಲೆಯ ಮಕ್ಕಳನ್ನು ಕರೆದುಕೊಂಡು ಹಕ್ಕಿ ತೋರಿಸಲು ಹೋಗುತ್ತಿದ್ದವನು, ಬಳಿಕ ಹಕ್ಕಿ ಎಣಿಸುವವರ ಜೊತೆ ಸೇರಿಕೊಂಡೆ; ಪಕ್ಷಿತಜ್ಞನೇನೂ ಅಲ್ಲ.

ಈ ಊರಿನ ವಿಶೇಷವನ್ನು ತಮ್ಮ ಓದುಗರಲ್ಲಿ ಹಲವರು ಬಲ್ಲರು. ಆದರೂ ಕೇಂದ್ರ ಹೇಗಿರಬೇಕೆಂಬುದು ಆ ವಿಶೇಷದಿಂದಲೇ ತೀರ್ಮಾನವಾಗುವುದರಿಂದ ಅದನ್ನು ಸ್ವಲ್ಪ ನೆನಪಿಸಬೇಕಾಗಿದೆ. ರಂಗನತಿಟ್ಟಿನಲ್ಲಿ ಹಕ್ಕಿಗಳಿಗೆ ಕಾವೇರಿಯ ನಡುಗಡ್ಡೆಗಳಿವೆ, 1940ರಿಂದ ಅದು ಪಕ್ಷಿಧಾಮವಾಗಿದೆ, ಹಕ್ಕಿಗೂ ನೋಡುವವರಿಗೂ ನಡುವೆ ಹೊಳೆಯ ನೀರಿದೆ. ಬೆಳ್ಳೂರಿನಲ್ಲಿ ನಡುವೆ ಏನೂ ಇಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಮನೆಯ ಹಿತ್ತಲಿನ ಹುಣಸೆಯಲ್ಲಿ, ಬೀದಿಯ ಅರಳಿಯಲ್ಲಿ, ಹೊಲದ ಬದುವಿನ ಆಲದಲ್ಲಿ. ಒಂದು ಹುಣಸೆಗೆ ಒಬ್ಬ ಯಜಮಾನ, ಅದರ ಕೆಳಗೆ ಅವನ ದನದ ಕೊಟ್ಟಿಗೆ. ನವೆಂಬರ್ ಹೊತ್ತಿಗೆ ಹೆಜ್ಜಾರ್ಲೆಗಳು ಬರತೊಡಗಿ, ಅವುಗಳ ಹಿಂದೆಯೇ ಬಣ್ಣದ ಕೊಕ್ಕರೆಗಳು ಬಂದು, ಮುಂಗಾರಿನ ಹೊತ್ತಿಗೆ ಮರಿಗಳೊಂದಿಗೆ ಹೊರಡುವವರೆಗೆ ಊರಿನವರು ಗದ್ದಲವನ್ನೂ ನಾತವನ್ನೂ ಸಹಿಸುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಹಕ್ಕಿಗಳನ್ನು ಕರೆಯುವ ಮಾತು ಈಗ ಪ್ರವಾಸಿ ಫಲಕಗಳಿಗೂ ಹತ್ತಿ ಸವೆದುಹೋಗಿದೆ. ಆದರೆ ಮಗಳ ಬಾಣಂತನ ಮಾಡಿದ ಯಾವ ತಾಯಿಯನ್ನು ಕೇಳಿದರೂ ಅದು ಅಕ್ಕರೆಯಷ್ಟೇ ಕೆಲಸದ ಮಾತೂ ಹೌದು, ರಾತ್ರಿ ನಿದ್ದೆಗೆಡುವ ಮಾತು ಎಂದು ಹೇಳಿಯಾಳು.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಗೂಡುಗಳ ಮಹತ್ವವನ್ನು ಹೊರಜಗತ್ತಿಗೆ ತಿಳಿಸಿದರು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗ ವೀಕ್ಷಕರ ಸಂಘಟನೆಯೊಂದು ಊರಿನ ಯುವಕರ ಜೊತೆಗೂಡಿತು. ಆಗ ಹುಟ್ಟಿದ ಹೆಜ್ಜಾರ್ಲೆ ಬಳಗ ಬಿದ್ದ ಮರಿಗಳನ್ನು ಬಲೆಯ ಆವರಣದಲ್ಲಿಟ್ಟು ಮೀನು ತಿನ್ನಿಸಿ, ಹಾರುವಷ್ಟು ಬಲಿತ ಮೇಲೆ ಬಿಡುವ ಕೆಲಸವನ್ನು ಆರಂಭಿಸಿತು. ಸ್ವಯಂಸೇವೆ ಎಂಬ ದೊಡ್ಡ ಪದವನ್ನು ಬಳಸದೆಯೇ ನಡೆದ ಸ್ವಯಂಸೇವೆ ಅದು. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅರಣ್ಯ ಇಲಾಖೆ ಒಂದು ಮಾಹಿತಿ ಕೇಂದ್ರವನ್ನೂ ಮಾಡಿತು. ಆದ್ದರಿಂದ ನಾನು ಕೇಳುತ್ತಿರುವುದು ಬರಿದಾದ ಜಾಗದಲ್ಲಿ ಹೊಸ ಕಟ್ಟಡ ಎಬ್ಬಿಸಿ ಎಂದಲ್ಲ. ಊರಿನ ಬಳಗ, ಮರಿ ಸಾಕುವ ಆವರಣ, ಇಲಾಖೆಯ ಮಾಹಿತಿ ಕೇಂದ್ರ, ಹೊರಗಿನಿಂದ ಬರುವ ಆಸಕ್ತರು, ಈ ನಾಲ್ವರ ನಡುವೆ ವರ್ಷವಿಡೀ ಕಡಿಯದ ಒಂದು ದಾರ ಬೇಕು, ಆ ದಾರದ ಒಂದು ತುದಿ ಯಾವಾಗಲೂ ಊರಿನವರ ಕೈಯಲ್ಲಿರಬೇಕು ಎಂಬುದಷ್ಟೇ ನನ್ನ ಮನವಿ.

ಇದಕ್ಕೆ ಕಾನೂನಿನ ಬೆಂಬಲವೂ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಸಮುದಾಯ ಮೀಸಲು ಎಂಬ ಹೊಸ ಬಗೆಯನ್ನು ತಂದಾಗ, ಖಾಸಗಿ ಅಥವಾ ಸಮುದಾಯದ ಜಮೀನಿನಲ್ಲಿ ಜನರು ತಾವಾಗಿಯೇ ಮುಂದೆ ಬಂದು ವನ್ಯಜೀವಿಗಳನ್ನು ಕಾಯುತ್ತಿದ್ದರೆ ಅಂಥ ಜಾಗಕ್ಕೆ ಈ ಮನ್ನಣೆ ಎಂದಿತು. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ನಾಮಕರಣ ಮಾಡಿದ ಕನಿಷ್ಠ ಐವರು ಇರಬೇಕು, ಇಲಾಖೆಯ ಪ್ರತಿನಿಧಿ ಒಬ್ಬರು. ಸಮಿತಿ ತನ್ನ ಅಧ್ಯಕ್ಷರನ್ನು ತಾನೇ ಆರಿಸಿಕೊಳ್ಳಬೇಕು, ಹಾಗೆ ಆರಿಸಿ ಬಂದವರು ಆ ಮೀಸಲಿನ ಗೌರವ ವನ್ಯಜೀವಿ ಪರಿಪಾಲಕರೂ ಆಗುತ್ತಾರೆ. ಅಲ್ಲದೆ ಮೀಸಲಿನ ನಿರ್ವಹಣಾ ಯೋಜನೆಯನ್ನು ಬರೆದು ಜಾರಿಗೊಳಿಸುವ ಅಧಿಕಾರವನ್ನು ಕಾಯ್ದೆ ಈ ಸಮಿತಿಗೇ ಕೊಟ್ಟಿದೆ. ಐವರಿಗೆ ಒಬ್ಬರು ಎಂಬ ಈ ಲೆಕ್ಕ ಆಕಸ್ಮಿಕವಲ್ಲ. ಪಕ್ಷಿಧಾಮದಲ್ಲಿ ಇಲಾಖೆ ಯಜಮಾನ, ಊರಿನವರು ಸಹಾಯಕರು. ಸಮುದಾಯ ಮೀಸಲಿನಲ್ಲಿ ಊರಿನವರು ಯಜಮಾನರು, ಇಲಾಖೆ ಜೊತೆಗಾರ. ಸ್ವಯಂಸೇವಕರ ಕೇಂದ್ರವೂ ಈ ಸಮಿತಿಯ ಕೆಳಗೇ ಬರಬೇಕು, ಯಾವ ಹೊರಗಿನ ಸಂಸ್ಥೆ ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದರೂ ಸಮಿತಿಯ ಪಟ್ಟಿಯಲ್ಲಿ ಹೆಸರು ಬರೆಸಿಯೇ ಕೆಲಸ ಮಾಡಬೇಕು.

ಬೀಗದ ಕೈಯ ಮಾತನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಬೇರೊಂದು ಕಡೆಯ ಪಕ್ಷಿತಾಣಕ್ಕೆ (ಹೆಸರು ಬೇಡ, ಅಲ್ಲಿ ಈಗ ಸುಧಾರಿಸಿರಲೂಬಹುದು) ಹಳೆಯ ವಿದ್ಯಾರ್ಥಿಗಳ ಜೊತೆ ಹೋಗಿದ್ದೆ. ಅಲ್ಲಿ ಚೆಂದದ ಹಂಚಿನ ಮಾಡಿನ ಸ್ವಯಂಸೇವಕರ ಕೊಠಡಿ ಇತ್ತು, ಗೋಡೆಯ ಮೇಲೆ ಹಕ್ಕಿಗಳ ಬಣ್ಣದ ಚಿತ್ರಗಳಿದ್ದವು, ಉದ್ಘಾಟನೆಯ ಕಲ್ಲಿನಲ್ಲಿ ಹಲವರ ಹೆಸರುಗಳಿದ್ದವು. ನಾವು ಹೋದ ದಿನ ರೆಕ್ಕೆಗೆ ಮೀನಿನ ಗಾಳದ ದಾರ ಸುತ್ತಿಕೊಂಡ ಒಂದು ಬೆಳ್ಳಕ್ಕಿ ಏರಿಯ ಕೆಳಗೆ ಒದ್ದಾಡುತ್ತಿತ್ತು. ಕತ್ತರಿ, ಕೈಗವಸು, ಹತ್ತಿಬಟ್ಟೆ ಎಲ್ಲವೂ ಆ ಕೊಠಡಿಯ ಕಪಾಟಿನಲ್ಲಿ ಇವೆಯೆಂದು ಕಿಟಕಿಯ ಗಾಜಿನಿಂದಲೇ ಕಾಣುತ್ತಿತ್ತು. ಬೀಗದ ಕೈ ಮಾತ್ರ ಮೂವತ್ತು ಕಿಲೋಮೀಟರ್ ದೂರದ ಪೇಟೆಯಲ್ಲಿದ್ದ ಯಾರದೋ ಮೇಜಿನ ಖಾನೆಯಲ್ಲಿತ್ತು. ಕೊನೆಗೆ ಹುಲ್ಲು ಕೊಯ್ಯಲು ಬಂದಿದ್ದ ಹೆಂಗಸೊಬ್ಬರು ತಮ್ಮ ಕುಡುಗೋಲಿನಿಂದ ದಾರವನ್ನು ಒಂದೊಂದೇ ಎಳೆ ಬಿಡಿಸಿ ಕತ್ತರಿಸಿದರು. ಅವರ ಹೆಸರು ಯಾವ ಕಲ್ಲಿನಲ್ಲೂ ಇರಲಿಲ್ಲ, ಯಾವ ಸ್ವಯಂಸೇವಕರ ಪಟ್ಟಿಯಲ್ಲೂ ಇರಲಾರದು. ಕೇಂದ್ರವನ್ನು ಯಾರಿಗಾಗಿ ಕಟ್ಟಬೇಕು ಎಂದು ಯೋಚಿಸುವಾಗೆಲ್ಲ ನನಗೆ ಆ ತಾಯಿಯ ನೆನಪಾಗುತ್ತದೆ.

ಹಾಗಾಗಿ ಮೊದಲು ಬೇಕಾದದ್ದು ದಿನದ ಬೆಳಕಿರುವಷ್ಟು ಹೊತ್ತು ತೆರೆದಿರುವ ಒಂದು ಜಗುಲಿ, ಅಲ್ಲಿ ಸಂಬಳ ಪಡೆದು ಕೂರುವ ಊರಿನದೇ ಒಬ್ಬ ವ್ಯಕ್ತಿ. ಸ್ವಯಂಸೇವೆಗೆ ಸಂಬಳವೇ ಎಂದು ಹುಬ್ಬೇರಿಸುವವರು ಇದ್ದಾರೆ. ಸ್ವಯಂಸೇವಕರು ಬಂದು ಹೋಗುವವರು. ಅವರನ್ನು ಒಂದು ಕಡೆ ಹಿಡಿದಿಡಲು ಬಂದು ಹೋಗದ ಒಬ್ಬರು ಬೇಕು. ಬಳಗ ಕಟ್ಟಿದ ಕಾಲದ ಯುವಕರಿಗೆ ಇಂದು ನಡುವಯಸ್ಸು ದಾಟಿದೆ, ಅವರ ಮಕ್ಕಳ ವಾರಿಗೆಯವರು ಬೆಳಗಾಗುವುದರೊಳಗೆ ಕಾರ್ಖಾನೆಯ ಬಸ್ಸು ಹತ್ತುವ ಕಾಲ ಇದು. ಬಿಟ್ಟಿ ದುಡಿಮೆಯನ್ನು ಹಳ್ಳಿಯವರಿಂದ ಮಾತ್ರ ನಿರೀಕ್ಷಿಸುವುದು ನ್ಯಾಯವಲ್ಲ. ಹಗಲಿಡೀ ಊರಿನಲ್ಲೇ ಇರುವವರು, ಯಾವ ಮರದಲ್ಲಿ ಎಷ್ಟು ಗೂಡಿದೆ ಎಂದು ಪಾತ್ರೆ ತೊಳೆಯುತ್ತಲೇ ಗಮನಿಸುವವರು ಹೆಂಗಸರು. ಸ್ವಸಹಾಯ ಸಂಘದ ಇಬ್ಬರು ಸದಸ್ಯೆಯರಿಗೆ ಸರದಿಯ ಮೇಲೆ ಈ ಕೆಲಸ ಕೊಟ್ಟರೆ, ನಗರದಿಂದ ಬರುವ ಹತ್ತು ಮಂದಿ ಉತ್ಸಾಹಿಗಳಿಂದ ಆಗದ್ದು ಆದೀತು ಎಂಬುದು ನನ್ನ ಖಚಿತ ಅಭಿಪ್ರಾಯ.

ಅವರಿಗೆ ಕೊಡಬೇಕಾದ ತರಬೇತಿ ದೊಡ್ಡದಲ್ಲ, ಆದರೆ ಸರಿಯಾದದ್ದಾಗಿರಬೇಕು. ಒಂದೇ ಉದಾಹರಣೆ ಸಾಕು. ಹೆಜ್ಜಾರ್ಲೆಯ ಕೊಕ್ಕು ಉದ್ದವಾಗಿ, ತುದಿಯಲ್ಲಿ ಕೊಕ್ಕೆಯಂತೆ ಬಾಗಿರುವುದರಿಂದ, ಹಿಡಿಯುವವರು ಹೆದರಿ ಅದನ್ನು ದಾರದಿಂದ ಬಿಗಿದು ಕಟ್ಟಲು ಹೋಗುತ್ತಾರೆ. ಆದರೆ ಹೆಜ್ಜಾರ್ಲೆಗಳ ಮೂಗಿನ ಹೊಳ್ಳೆಗಳು ಮುಚ್ಚಿಹೋಗಿದ್ದು ಅವು ಬಾಯಿಯಿಂದಲೇ ಉಸಿರಾಡುತ್ತವೆ; ಕೊಕ್ಕನ್ನು ಪೂರ್ತಿ ಮುಚ್ಚಿ ಕಟ್ಟಿದರೆ ಕಾಪಾಡಲು ಹೋದ ಕೈಗಳೇ ಅದನ್ನು ಉಸಿರುಗಟ್ಟಿಸಿದಂತೆ. ಬೆರಳೊಂದನ್ನು ನಡುವೆ ಇಟ್ಟು ಕೊಕ್ಕನ್ನು ಸಡಿಲವಾಗಿ ಹಿಡಿಯಬೇಕು, ರೆಕ್ಕೆಗಳನ್ನು ಮಡಚಿ ಹಳೆಯ ಬಟ್ಟೆಯಲ್ಲಿ ಸುತ್ತಬೇಕು, ನೆರಳಿರುವ ಗದ್ದಲವಿಲ್ಲದ ಜಾಗದಲ್ಲಿಡಬೇಕು, ಬಾಯಿಗೆ ನೀರು ಹೊಯ್ಯಬಾರದು, ಮೂಳೆ ಮುರಿದಂತೆ ಕಂಡರೆ ಪಶುವೈದ್ಯರು ಬರುವವರೆಗೆ ಎಳೆದಾಡಬಾರದು. ಸತ್ತ ಹಕ್ಕಿಯನ್ನು, ಅದರಲ್ಲೂ ಒಟ್ಟೊಟ್ಟಿಗೆ ಹಲವು ಸತ್ತಿದ್ದರೆ, ಬರಿಗೈಯಲ್ಲಿ ಮುಟ್ಟಬಾರದು. ಹಕ್ಕಿಜ್ವರ ನಮ್ಮ ರಾಜ್ಯಕ್ಕೂ ಬಂದುಹೋಗಿರುವ ರೋಗ, ಊರಿನಲ್ಲಿ ಕೋಳಿ ಸಾಕುವವರೂ ಇರುತ್ತಾರೆ. ಇನ್ನೊಂದು ಮುಖ್ಯ ಸಂಗತಿ, ಕಾಡುಹಕ್ಕಿಯನ್ನು ಕರುಣೆಯಿಂದಲೇ ಆದರೂ ಅನುಮತಿಯಿಲ್ಲದೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಕೇಂದ್ರದ ಕೆಲಸಗಾರರು ಯಾವ ಹಂತದವರೆಗೆ ಏನು ಮಾಡಬಹುದು ಎಂಬುದನ್ನು ಇಲಾಖೆ ಬರಹದಲ್ಲಿ ಕೊಟ್ಟು, ಅದನ್ನು ಗೋಡೆಗೆ ಅಂಟಿಸಿದರೆ, ಮರಿಯನ್ನು ಎತ್ತಿಕೊಂಡವರು ಕಳ್ಳರಂತೆ ಹೆದರುವ ಪ್ರಸಂಗವೂ ಬರದು, ಸೆಲ್ಫಿಗಾಗಿ ಎತ್ತಿಕೊಳ್ಳುವವರಿಗೆ ಕಡಿವಾಣವೂ ಬೀಳುತ್ತದೆ.

ಇನ್ನು ದಾಖಲೆಯ ಮಾತು. ನನ್ನ ದೃಷ್ಟಿಯಲ್ಲಿ ಕೇಂದ್ರದ ಅತಿ ಬೆಲೆಬಾಳುವ ವಸ್ತು ದುರ್ಬೀನು ಅಲ್ಲ, ಕನ್ನಡದಲ್ಲಿ ದಿನವೂ ತುಂಬುವ ಒಂದು ದಪ್ಪ ಪುಸ್ತಕ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಈ ಊರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದದ್ದು ಓದುಗರಿಗೆ ನೆನಪಿರಬಹುದು. ಮರಣೋತ್ತರ ಪರೀಕ್ಷೆಯಲ್ಲಿ ಅವುಗಳ ಹೊಟ್ಟೆಯೊಳಗೆ ದುಂಡುಹುಳುಗಳು ಕಂಡವು. ಈ ಹುಳುವಿನ ಮರಿಗಳು ಮೀನಿನ ಮೈಯೊಳಗೆ ಇದ್ದು, ಮೀನು ತಿಂದ ಹಕ್ಕಿಯ ಹೊಟ್ಟೆ ಸೇರಿ ಬೆಳೆಯುತ್ತವೆ. ಆದ್ದರಿಂದ ಸಾವು ನಡೆದದ್ದು ಊರಿನ ಮರದ ಕೆಳಗಾದರೂ ಅದರ ಬೇರು ಹಕ್ಕಿ ಮೀನು ಹಿಡಿದ ನೀರಿನಲ್ಲಿತ್ತು. ಅಂಥ ಸಂದರ್ಭದಲ್ಲಿ ತಜ್ಞರು ಮೊದಲು ಕೇಳುವ ಪ್ರಶ್ನೆಗಳು ಬಹಳ ಸರಳವಾದವು. ಮೊದಲ ಹಕ್ಕಿ ಯಾವ ದಿನ ಬಿತ್ತು, ಯಾವ ಮರದ ಕೆಳಗೆ, ಬಲಿತದ್ದೋ ಮರಿಯೋ, ಹಿಂದಿನ ವರ್ಷ ಇದೇ ತಿಂಗಳಲ್ಲಿ ಎಷ್ಟು ಬಿದ್ದಿದ್ದವು? ಹಿಂದಿನ ವರ್ಷದ ಲೆಕ್ಕ ಇಲ್ಲದಿದ್ದರೆ ಈ ವರ್ಷದ ಸಾವು ಹೆಚ್ಚೋ ಕಡಿಮೆಯೋ ಎಂದು ಹೇಳುವುದು ಯಾವ ಪ್ರಯೋಗಾಲಯಕ್ಕೂ ಸಾಧ್ಯವಿಲ್ಲ. ಏನೂ ಆಗದ ದಿನದಲ್ಲೂ “ಇಂದು ಯಾವುದೂ ಬೀಳಲಿಲ್ಲ” ಎಂದು ಬರೆದಿಡುವ ಬೇಸರದ ಶಿಸ್ತು ಇಲ್ಲಿ ಬೇಕಾದದ್ದು. ಶಾಲೆಯಲ್ಲಿ ಮೂರು ದಶಕ ಹಾಜರಿ ಪುಸ್ತಕ ತುಂಬಿದವನಾದ್ದರಿಂದ ಈ ಬೇಸರದ ಬೆಲೆ ನನಗೆ ಗೊತ್ತು.

ಆ ಪುಸ್ತಕದಲ್ಲಿ ಮರಗಳಿಗೆ ಅಂಕಿಯನ್ನಷ್ಟೇ ಕೊಡದೆ ಊರಿನವರು ಕರೆಯುವ ಹೆಸರನ್ನೂ ಬರೆಯಬೇಕು. ಮರ ಇಪ್ಪತ್ತೇಳು ಎಂದರೆ ಯಾರಿಗೂ ತಿಳಿಯದು. ಗುಡಿಯ ಹಿಂದಿನ ಅರಳಿ ಎಂದರೆ ಮಗುವೂ ತೋರಿಸುತ್ತದೆ. ನವೆಂಬರಿನಿಂದ ಜೂನ್‌ವರೆಗೆ ಹದಿನೈದು ದಿನಕ್ಕೊಮ್ಮೆ ಮರ ಮರಕ್ಕೂ ಹೋಗಿ ಗೂಡು ಎಣಿಸಿದರೆ ಸಾಕು, ದಿನವೂ ಬೇಡ. ಪ್ರತಿವರ್ಷ ಜನವರಿಯಲ್ಲಿ ಏಷ್ಯಾ ಖಂಡದ ಹಲವು ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದು ಬಂದಿದೆ, ಅದರಲ್ಲಿ ಎಣಿಸುವವರಲ್ಲಿ ಹೆಚ್ಚಿನವರು ಸ್ವಯಂಸೇವಕರೇ. ಬೆಳ್ಳೂರಿನ ಕೇಂದ್ರ ಆ ಗಣತಿಗೆ ಸುತ್ತಲಿನ ಕೆರೆಗಳ ತಂಡಗಳನ್ನು ಕಳಿಸುವ ನೆಲೆಯಾಗಬಹುದು. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ 2002ರ ಜೀವವೈವಿಧ್ಯ ಕಾಯ್ದೆಯಂತೆ ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೂ ಈ ಪುಸ್ತಕವೇ ಆಧಾರವಾಗಬಹುದು. ಒಮ್ಮೆ ಬರೆದದ್ದನ್ನೇ ಎರಡು ಕಡೆ ಬಳಸಿದರೆ ಬರೆಯುವವರಿಗೂ ಅದು ಯಾರದೋ ಸಂಶೋಧನೆಗೆ ಮಾಡಿಕೊಡುವ ಕೂಲಿಯೆನಿಸದು. ಬಂದ ಸಂಶೋಧಕರು ತಮ್ಮ ವರದಿಯ ಸಾರವನ್ನು ಕನ್ನಡದಲ್ಲಿ ಎರಡು ಪುಟ ಬರೆದು ಕೇಂದ್ರದಲ್ಲಿ ಇಟ್ಟು ಹೋಗಬೇಕೆಂಬ ಷರತ್ತನ್ನೂ ಸಮಿತಿ ಹಾಕಲಿ.

ಹಕ್ಕಿ ಗೂಡು ಕಟ್ಟುವುದು ಊರಿನಲ್ಲಿ, ಮೀನು ಹಿಡಿಯುವುದು ಶಿಂಷಾ ಹೊಳೆಯಲ್ಲಿ ಮತ್ತು ಸುತ್ತಲಿನ ಕೆರೆಗಳಲ್ಲಿ. ಆದ್ದರಿಂದ ಕೇಂದ್ರದ ಕಣ್ಣು ಊರ ಗಡಿಗೇ ನಿಂತರೆ ಅರ್ಧ ಕೆಲಸವೂ ಆದಂತಲ್ಲ. ಯಾವ ಕೆರೆಗೆ ನಾಲೆಯ ನೀರು ಯಾವಾಗ ಬಂತು, ಮೀನಿನ ಗುತ್ತಿಗೆದಾರರು ಕೆರೆಯ ನೀರನ್ನು ಯಾವಾಗ ತಗ್ಗಿಸುತ್ತಾರೆ, ಪೇಟೆಯ ಚರಂಡಿ ಯಾವ ಹಳ್ಳ ಸೇರುತ್ತದೆ, ಎಲ್ಲಿ ಮರಳು ತೆಗೆದು ಹೊಳೆಯ ಮಡು ಕುಸಿದಿದೆ ಎಂಬುದನ್ನು ತಿಂಗಳಿಗೊಮ್ಮೆ ನೋಡಿ ಬರೆದಿಡಲು ಆಯಾ ಕೆರೆಯ ಊರಿನಲ್ಲೇ ಒಬ್ಬೊಬ್ಬರನ್ನು ಗುರುತಿಸಬೇಕು. ನಗರದ ಸ್ವಯಂಸೇವಕರು ಇಂಥ ಕೆಲಸಕ್ಕೆ ಮನಸ್ಸು ಮಾಡುವುದು ಕಡಿಮೆ, ಏಕೆಂದರೆ ಇಲ್ಲಿ ಚಿತ್ರ ತೆಗೆಯುವಂಥದ್ದು ಏನೂ ಇರುವುದಿಲ್ಲ. ಮೀನುಗಾರರನ್ನು ಮಾತ್ರ ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಬೇಕು; ಹೆಜ್ಜಾರ್ಲೆ ತಮ್ಮ ಗುತ್ತಿಗೆಯ ಮೀನನ್ನು ತಿನ್ನುತ್ತದೆ ಎಂಬ ಅವರ ಅಸಮಾಧಾನ ಸುಳ್ಳಲ್ಲ, ಅದಕ್ಕೆ ಕಿವಿಗೊಡದೆ ಪರಿಸರದ ಪಾಠ ಹೇಳಿದರೆ ಅವರು ಎದ್ದು ಹೋಗುತ್ತಾರೆ, ಹೋಗಬೇಕಾದದ್ದೇ.

ಮರಗಳ ವಿಚಾರದಲ್ಲಿ ಹೊರಗಿನವರ ಉತ್ಸಾಹ ಹೆಚ್ಚು ವ್ಯರ್ಥವಾಗುವುದನ್ನು ಕಂಡಿದ್ದೇನೆ. ಹುಣಸೆ ಹಣ್ಣು ಉದುರಿಸುವ ಕಾಲಕ್ಕೇ ಮರದ ತುಂಬ ಮರಿಗಳಿರುವುದರಿಂದ, ಫಸಲನ್ನು ಬಿಟ್ಟುಕೊಡುವ ಮಾಲೀಕರಿಗೆ ಇಲಾಖೆ ಪರಿಹಾರ ಕೊಡುವ ಪದ್ಧತಿ ಇದೆ. ಮರದ ಕೆಳಗೆ ಗುಂಡಿ ಮಾಡಿ ಗೋಡುಮಣ್ಣು ಹಾಕಿ, ಮೇಲಿಂದ ಬೀಳುವ ಹಿಕ್ಕೆಯನ್ನು ಅದರಲ್ಲಿ ಬೆರೆಸಿ ಗದ್ದೆಗೆ ಗೊಬ್ಬರ ಮಾಡಿಕೊಳ್ಳುವ ಜಾಣತನ ಊರಿನವರದೇ. ಈ ಎರಡರಿಂದ ಇರುವ ಮರ ಉಳಿದೀತು. ಮುದಿ ಮರ ಬಿದ್ದ ಮೇಲೆ ಅದರ ಜಾಗಕ್ಕೆ ಬರುವ ಮರ ಇಂದೇ ನೆಲದಲ್ಲಿರಬೇಕು. ಜೂನ್ 5ರಂದು ಬಸ್ಸಿನಲ್ಲಿ ಬಂದು ನೂರು ಸಸಿ ನೆಟ್ಟು, ಬ್ಯಾನರು ಹಿಡಿದು ನಿಂತು ಹೋಗುವವರನ್ನು ದೂರುವುದು ನನ್ನ ಉದ್ದೇಶವಲ್ಲ, ಆದರೆ ಸಸಿಗೆ ನೀರು ಬೇಕಾಗುವುದು ಮುಂದಿನ ಫೆಬ್ರವರಿಯಿಂದ, ಅದೂ ಕನಿಷ್ಠ ಮೂರು ಬೇಸಿಗೆ. ಹತ್ತೇ ಗಿಡ ಸಾಕು, ಯಾವ ಹಿತ್ತಲಿನವರು ಯಾವುದನ್ನು ಕೇಳುತ್ತಾರೋ ಅದು ಸಾಕು. ಆಲ, ಬಸರಿ, ಗೋಣಿಯಂಥ ಮರಗಳ ದಪ್ಪ ಕೊಂಬೆಯನ್ನು ಕಡಿದು ಗೂಟದಂತೆ ನೆಟ್ಟರೆ ಬೇರೊಡೆದು ಚಿಗುರುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ. ಆಳೆತ್ತರದ ಗೂಟಕ್ಕೆ ಆಡಿನ ಬಾಯಿಯೂ ಎಟುಕುವುದಿಲ್ಲ. ಗಿಡ ನೆಡಲು ಬರುವ ಸಂಸ್ಥೆಯಿಂದ ನೆಡುವ ಖರ್ಚಿನ ಜೊತೆಗೆ ಮೂರು ಬೇಸಿಗೆಯ ನೀರಿನ ಕೂಲಿಯನ್ನೂ ಮುಂಗಡವಾಗಿ ಪಡೆದು, ಅದನ್ನು ಹಿತ್ತಲಿನವರಿಗೇ ಕಂತಿನಲ್ಲಿ ಕೊಡುವ ನಿಯಮ ಕೇಂದ್ರದಲ್ಲಿ ಇರಲಿ.

ಹಾಗಾದರೆ ಹೊರಗಿನವರು ಬೇಡವೇ ಎಂದರೆ, ಖಂಡಿತ ಬೇಕು, ಆದರೆ ಊರು ಕೇಳಿದಾಗ, ಊರು ಕೇಳಿದ ಕೆಲಸಕ್ಕೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿ ಹನ್ನೆರಡು ಕಿಲೋಮೀಟರಿನಷ್ಟು ಒಳಗೆ ಬಂದರೆ ಊರು. 2023ರಲ್ಲಿ ದಶಪಥ ಹೆದ್ದಾರಿ ತೆರೆದ ಮೇಲೆ ಭಾನುವಾರದ ಕಾರುಗಳಿಗೆ ದಾರಿ ಇನ್ನೂ ಸಲೀಸಾಗಿದೆ. ಭಾನುವಾರ ಊರಿಗೆ ಬೇಕಾದದ್ದು ಇನ್ನಷ್ಟು ಹಕ್ಕಿ ನೋಡುವವರಲ್ಲ, ಕಾರುಗಳನ್ನು ಊರ ಹೊರಗೇ ನಿಲ್ಲಿಸಿ, ಗೂಡಿನ ಕೆಳಗೆ ಗಲಾಟೆ ಮಾಡದಂತೆ, ಡ್ರೋನ್ ಹಾರಿಸದಂತೆ, ಮನೆಗಳ ಅಂಗಳಕ್ಕೆ ಕೇಳದೆ ನುಗ್ಗದಂತೆ ವಿನಯದಿಂದ ಹೇಳುವವರು. ಈ ಕೆಲಸಕ್ಕೆ ನಗರದ ಸ್ವಯಂಸೇವಕರೇ ಸರಿ, ನಗರದವರ ಮಾತನ್ನು ನಗರದವರು ಬೇಗ ಕೇಳುತ್ತಾರೆ. ವಾರದ ದಿನಗಳಿಗೆ ಮದ್ದೂರು, ಮಂಡ್ಯ, ಚನ್ನಪಟ್ಟಣದ ಕಾಲೇಜುಗಳಿವೆ. ರಾಷ್ಟ್ರೀಯ ಸೇವಾ ಯೋಜನೆಗೆ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಆ ಗಂಟೆಗಳು ಕಾಲೇಜಿನ ಆವರಣ ಗುಡಿಸುವುದರಲ್ಲೇ ಕಳೆದುಹೋಗುವುದಕ್ಕಿಂತ, ಫೆಬ್ರವರಿಯಿಂದ ಮೇ ವರೆಗೆ ದಿನಕ್ಕೆ ಇಬ್ಬರಂತೆ ಸರದಿಯಲ್ಲಿ ಬೆಳ್ಳೂರಿಗೆ ಬಂದು ಮರಗಳ ಸುತ್ತು ಹೊಡೆದು ಪುಸ್ತಕ ತುಂಬಲು ನೆರವಾಗಲಿ. ವಿದ್ಯಾರ್ಥಿನಿಯರೂ ಬರಬೇಕಾದರೆ ಬೀಗ ಹಾಕದ, ನೀರು ಬರುವ ಶೌಚಾಲಯ ಬೇಕು, ಸಂಜೆಯ ಬಸ್ಸಿನ ಸಮಯ ಗೋಡೆಯ ಮೇಲೆ ಇರಬೇಕು. ಯೋಜನೆ ಬರೆಯುವಾಗ ಇವು ಚಿಲ್ಲರೆ ಸಂಗತಿಗಳಂತೆ ಕಂಡಾವು. ಶೌಚಾಲಯವಿಲ್ಲ ಎಂಬ ಒಂದೇ ಕಾರಣಕ್ಕೆ ಮನೆಗೆ ಮರಳಿದ ಎಷ್ಟೋ ಬುದ್ಧಿವಂತ ಹುಡುಗಿಯರನ್ನು ಬಲ್ಲ ಮೇಷ್ಟರು ನಾನು.

ಹಣದ ಬಗ್ಗೆ ಉದ್ದ ಮಾತು ಬೇಕಿಲ್ಲ. ಇಬ್ಬರ ಅರೆದಿನದ ಸಂಬಳ, ಮರಿಗಳಿಗೆ ಮೀನು, ಔಷಧ, ಕೈಗವಸು, ಒಂದು ಫೋನು, ಪುಸ್ತಕ. ದೊಡ್ಡ ಸ್ವಾಗತ ಕಮಾನು ಕಟ್ಟುವ ಹಣದಲ್ಲಿ ಇಂಥ ಕೇಂದ್ರ ಹಲವು ವರ್ಷ ನಡೆದೀತು. ಯಾರು ಎಷ್ಟು ಕೊಟ್ಟರು, ಮೀನಿಗೆ ಎಷ್ಟು ಹೋಯಿತು ಎಂಬುದನ್ನು ತಿಂಗಳಿಗೊಮ್ಮೆ ಕರಿಹಲಗೆಯ ಮೇಲೆ ಬರೆದು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಹಳ್ಳಿಯಲ್ಲಿ ಒಳ್ಳೆಯ ಕೆಲಸ ಕೆಡುವುದು ಹಣ ಇಲ್ಲದ್ದರಿಂದ ಸ್ವಲ್ಪ, ಹಣ ಎಲ್ಲಿ ಹೋಯಿತೆಂಬ ಗುಸುಗುಸುವಿನಿಂದ ಬಹಳ.

ಇಲಾಖೆಯ ಮಿತ್ರರೊಬ್ಬರ ಜೊತೆ ಈ ವಿಷಯ ಮಾತಾಡಿದಾಗ ಅವರು ಒಂದು ನ್ಯಾಯವಾದ ಅಳುಕನ್ನು ಮುಂದಿಟ್ಟರು. ಊರಿನಲ್ಲೂ ಬಣಗಳಿರುತ್ತವೆ, ಬೀಗದ ಕೈ ಒಂದು ಬಣದವರ ಕೈ ಸೇರಿದರೆ ಇನ್ನೊಂದು ಬಣದವರ ಹಿತ್ತಲಿನ ಮರಿಯನ್ನು ಯಾರು ಎತ್ತುತ್ತಾರೆ ಎಂದು ಕೇಳಿದರು. ಈ ಭಯ ಸುಳ್ಳೆಂದು ನಾನು ಹೇಳಲಾರೆ. ಪಂಚಾಯಿತಿ ಐವರನ್ನು ಹೆಸರಿಸುವಾಗ ಗೂಡಿರುವ ಮರಗಳ ಮಾಲೀಕರಿಂದ ಇಬ್ಬರು, ಅವರಲ್ಲಿ ಒಬ್ಬರಾದರೂ ಮಹಿಳೆ, ಜೊತೆಗೆ ಊರಿನ ಬೇರೆ ಬೇರೆ ಬೀದಿಗಳಿಂದ ಉಳಿದವರು ಎಂದು ಗ್ರಾಮಸಭೆ ಮೊದಲೇ ತೀರ್ಮಾನಿಸಿಕೊಂಡರೆ ಈ ಅಪಾಯ ತಗ್ಗುತ್ತದೆ. ಕೆಲಸಕ್ಕಿರುವ ಇಬ್ಬರೂ ಒಂದೇ ಬೀದಿಯವರಾಗದಂತೆ ನೋಡಿಕೊಳ್ಳಬಹುದು. ಆದರೂ ಜಗಳ ಬಂದೀತು; ಪೇಟೆಯ ಮೇಜಿನ ಖಾನೆಯಲ್ಲಿರುವ ಬೀಗದ ಕೈಗಿಂತ ಊರಿನಲ್ಲಿ ಜಗಳಕ್ಕೆ ಸಿಕ್ಕಿದ ಬೀಗದ ಕೈ ಮೇಲು, ಏಕೆಂದರೆ ಅದನ್ನು ಕೇಳಿ ಪಡೆಯಲು ಹತ್ತು ಹೆಜ್ಜೆ ನಡೆದರೆ ಸಾಕು.

ನವೆಂಬರಿನಲ್ಲಿ ಮೊದಲ ಹೆಜ್ಜಾರ್ಲೆಗಳು ಬರುವುದಕ್ಕೆ ಮುಂಚೆಯೇ ಮಾಡಬಹುದಾದ ಕೆಲವು ಕೆಲಸಗಳಿವೆ. ಗ್ರಾಮ ಪಂಚಾಯಿತಿ ಒಂದು ಗ್ರಾಮಸಭೆಯನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟು ಕರೆಯಲಿ. ಸಮುದಾಯ ಮೀಸಲಿನ ನಿರ್ವಹಣಾ ಸಮಿತಿಯ ಸದಸ್ಯರ ಹೆಸರುಗಳನ್ನೂ ಅವರ ಅವಧಿಯನ್ನೂ ಊರಿನ ಹಾಲಿನ ಡೇರಿಯ ಗೋಡೆಗೆ ಅಂಟಿಸಲಿ, ಏಕೆಂದರೆ ದಿನಕ್ಕೆರಡು ಬಾರಿ ಊರೆಲ್ಲ ಸೇರುವ ಜಾಗ ಅದು. ಅರಣ್ಯ ಇಲಾಖೆ ಮತ್ತು ಪಶುಪಾಲನಾ ಇಲಾಖೆ ಜೊತೆಗೂಡಿ ಒಂದು ದಿನದ ತರಬೇತಿ ಕೊಟ್ಟು, ಮರಿ ಬಿದ್ದಾಗ ಕರೆಯಬೇಕಾದ ಒಂದೇ ಒಂದು ಫೋನ್ ಸಂಖ್ಯೆಯನ್ನು ಗೊತ್ತುಮಾಡಿ, ಅದನ್ನು ಗೂಡಿರುವ ಪ್ರತಿಯೊಂದು ಹಿತ್ತಲಿನ ಬಾಗಿಲಿಗೂ ತಲುಪಿಸಲಿ. ಆ ಫೋನು ಯಾವ ಅಧಿಕಾರಿಯ ಸ್ವಂತದ್ದೂ ಆಗಿರಬಾರದು, ಅವರ ವರ್ಗಾವಣೆಯ ಜೊತೆ ಅದೂ ಹೊರಟುಹೋಗುತ್ತದೆ. ನಾನು ವಾರಕ್ಕೊಂದು ದಿನ ಬಂದು ಪುಸ್ತಕ ತುಂಬಲು ಸಿದ್ಧನಿದ್ದೇನೆ. ಯಾವ ದಿನ ಬರಬೇಕೆಂಬುದನ್ನು ಊರಿನವರೇ ಹೇಳಲಿ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ